ಮುಕ್ಕಾಲು ಪಟ್ಟು

ಟಿಬಿಲಿಸಿಯ ರೈಲು ನಿಲ್ದಾಣದಡಿ
ನೊದಾರಿಯ ಝೆರಾಕ್ಸ್ ಅಂಗಡಿ.
ಲಾಕೆಟ್ಟಿನಲ್ಲಿ ಕೂರಿಸಲು
ಗಂಡನ ಪಟ ತಂದಿದ್ದಾಳೆ ತ್ಸಿಯಾಲಾ.

“ಮುಕ್ಕಾಲರಿಂದ ಗುಣಿಸುತ್ತ ಹೋಗೋಣ.”
“ಗುಣಿಸಿದರೆ ಬೆಳೆಯಬೇಕಲ್ಲ, ಮಗಾ?
ಮಗ್ಗಿಯಲ್ಲಿ ಯಾವತ್ತೂ ಬೆಳೆದದ್ದೇ ಕಂಡಿದ್ದೆ.”
“ಒಂದಕ್ಕೂ ಕಮ್ಮಿಯವನ ಸಹವಾಸ ಮಾಡಿದರೆ
ಎಂಥವರೂ ಇಳಿಯುತ್ತಾರೆ, ಅಜ್ಜಿ.”

ಹನ್ನೆರಡು ಒಂಬತ್ತಾಯಿತು,
ಒಂಬತ್ತು ಆರೂಮುಕ್ಕಾಲು.
ಟೋಪಿ ಗುಂಡಿಯಷ್ಟಾಯಿತು,
ಮೀಸೆ ಇರುವೆ.
ಹಸಿರು ಬೆಳಕು ಹಾಯ್ದಾಗಲೆಲ್ಲ
ನಾಲ್ಕರಲ್ಲೊಂದು ಪಾಲು ಎಲ್ಲಿಗೋ ಹೋಗುತ್ತಿತ್ತು;
ಎಷ್ಟು ಒತ್ತಿದರೂ
ಸೊನ್ನೆಯಾಗಲಿಲ್ಲ ಅವನು.

“ಮತ್ತೆ ದೊಡ್ಡವನಾಗುತ್ತಾನಾ?”
“ಅಷ್ಟೇ ಸಲ, ಒಂದೂ ಮೂರರಲ್ಲೊಂದರಿಂದ.”
ಆದ.
ಸ್ಕೇಲಿಟ್ಟು ನೋಡಿದಳು: ಸರಿಯಾಗಿ ಹನ್ನೆರಡು.
ಕಣ್ಣಿದ್ದಲ್ಲಿ ಎರಡು ಮಸಿಬೊಟ್ಟು.

ನೊದಾರಿ ದುಡ್ಡು ಕೇಳಲಿಲ್ಲ.
ಅವಳು ಪುಟ್ಟ ಕಾಗದವನ್ನು ಕತ್ತರಿಸಿ,
ಮಗ್ಗಿ ಒಪ್ಪಿಸುವವಳಂತೆ
ಏನೋ ಗೊಣಗುತ್ತ
ಲಾಕೆಟ್ಟು ಮುಚ್ಚಿದಳು.
ಟಕ್ಕೆಂದಿತು.