ಎಂಟೆಂಟ್ಲೆ ಅರವತ್ನಾಲ್ಕು

ಸೀರೆಯ ಡಬ್ಬಿಯಲ್ಲಿ ಇಟ್ಟು ಒಯ್ದಿದ್ದೆ.
ತೀನ್ ಕಂದಿಲ್ ಹಿಂದಿನ ಸಂದಿ, ಚಾಂದಪಾಷಾನ ಅಂಗಡಿ:
ಮಿಕ್ಸಿಯ ಪಕ್ಕ ಬೋರ್‌ವೆಲ್ ಸ್ಟಾರ್ಟರು,
ಅದರ ಮೇಲೆ ಯಾರದೋ ಮದುವೆಯಲ್ಲಿ ಗಂಟಲು ಹರಿದುಕೊಂಡ ಸ್ಪೀಕರು.
ರಬ್ಬರಿನ ಗುಂಡಿಯೊಂದನ್ನು ಒತ್ತಿ ನೋಡಿದ,
ಹಣ್ಣು ಮಾಗಿದೆಯೇ ಎಂದು ನೋಡುವ ಹಾಗೆ.
'ಇದೇನ್ರಿ ಅಕ್ಕೋರ, ಕ್ಯಾಲ್ಕುಲೇಟರಿನ ಅಪ್ಪನೇನು?'
ಕಂಪ್ಯೂಟರು, ಅಂದೆ.
'ಪರದಿ ಎಲ್ಲೈತಿ?'
ಪರದೆ ಇಲ್ಲ, ಟೀವಿಗೆ ಚುಚ್ಚಬೇಕು.
ನೆನಪೂ ಇಲ್ಲ, ಅದು ಟೇಪಿನಲ್ಲಿರುತ್ತದೆ.
ಎಂಬತ್ತೆಂಟರಲ್ಲಿ ಒಂದು ಬಿಲ್ವಾರ ಮಾರಿ ತಂದದ್ದು.
ಇನ್ನೊಂದು ಬಿಲ್ವಾರ ಈಗಲೂ ಒಂಟಿ. ಅದನ್ನು ಹೇಳಲಿಲ್ಲ.

ತಂಗಿಯ ಮೊಮ್ಮಗ ಆಟಿಕೆಯ ಅಡಾಪ್ಟರು ತಂದು ಚುಚ್ಚಿದ್ದ.
ಇದಕ್ಕೆ ನಡುವಿನ ಕಡ್ಡಿ ಋಣ, ಸುತ್ತಲದು ಧನ.
ಒಂದು ಕ್ಷಣ ಸೀದ ಬೆಲ್ಲದ ವಾಸನೆ, ಅಷ್ಟೆ.
'ಇದನ್ನ ಮಾಡಿದವ್ರು ಉಲ್ಟಾ ಮಂದಿ ಬಿಡ್ರಿ' ಅಂದ.

ಹದಿನೇಳು ದಿನ.
ನಲವತ್ಮೂರು ಡಿಗ್ರಿಯಲ್ಲೂ ಫ್ಯಾನು ಬಂದ್, ಬೆಸುಗೆ ಆರೀತೆಂದು.
ಸುಟ್ಟದ್ದು ಶೇಂಗಾ ಬೀಜದಷ್ಟು ಟ್ರಾನ್ಸಿಸ್ಟರು;
ಅದರ ಜೋಡಿ ಹೈದರಾಬಾದಿನಿಂದ
ಕಂಡಕ್ಟರನ ಜೇಬಿನಲ್ಲಿ ಬಂತು.
ಚಿಪ್ಪಿನ ಬುಡದಲ್ಲಿ ಹಲ್ಲಿಮೊಟ್ಟೆಯ ಸಿಪ್ಪೆ.
ಗುಂಡಿಗಳ ಕೆಳಗಿನ ಹಾಳೆ ನಮ್ಮೂರ ಬಿಸಿಲಿಗೆ ಹಪ್ಪಳ.
ಹಾಳೆಯ ಬಾಲ ಬೆರಳಗಲ ಕತ್ತರಿಸಿ ಮತ್ತೆ ಸಿಕ್ಕಿಸಿದ:
'ಗಿಡ್ಡ ಆತು. ಆದ್ರ ಬದುಕ್ತು.'

ಟೇಪು ಹಾಕಿದೆವು. ಅದು ಕಿರುಚಿದ ಪರಿಗೆ
ಚಹಾದ ಹುಡುಗ ಓಡಿಬಂದ, ಯಾರನ್ನು ಕೊಯ್ಯಾಕತ್ತೀರಿ ಅಂತ.
ಎರಡು ನಿಮಿಷ ಕಿರುಚಿ ನಿಂತಿತು.
ರೀಲಿನ ತುಂಬ ಬೂಷ್ಟು.
ಅದರಲ್ಲಿ ಇದ್ದದ್ದು ನನ್ನ ಅಕ್ಷರಗಳು.

ಇಂಗ್ಲಿಷು ಇದಕ್ಕೆ ಹುಟ್ಟುತ್ತಲೇ ಬರುತ್ತಿತ್ತು.
ಬೇರೆಯವರಿಗೆ ಇಪ್ಪತ್ತೊಂದು ಜಾಗ ಖಾಲಿ,
ಒಂದೊಂದಕ್ಕೂ ಎಂಟೆಂಟ್ಲೆ ಅರವತ್ನಾಲ್ಕು ಮನೆ.
ನಲವತ್ತೊಂಬತ್ತು ಮಂದಿಗೆ ಇಪ್ಪತ್ತೊಂದು ಕುರ್ಚಿ!
ಙ, ಞ ತಾವಾಗಿಯೇ ಎದ್ದು ಹೋದವು. ಉಳಿದವರಿಗೆ
ಹೆಣ್ಣುಮಕ್ಕಳ ಶಾಲೆಯ ಹಾಜರಿ ಪುಸ್ತಕ ಬಿಚ್ಚಿದೆ:
ಹುಲಿಗೆಮ್ಮ, ನರಸಮ್ಮ, ಬೂದೆಮ್ಮ, ಮಾರೆಮ್ಮ.
ಅರ್ಧ ತರಗತಿ ಮುಗಿಯುವುದು ಮ್ಮದಲ್ಲಿ,
ಮ ಕೂತರೆ ಸಾಕು ಎಂಟು ಸಾಲೂ ಭರ್ತಿ,
ಒತ್ತು ಎಲ್ಲಿ ಹೋಗಬೇಕು?
ಮೂರು ತಿಂಗಳಾದ ಮೇಲೆ ಕೆಳಗಿನ ಮನೆ ಕೊಟ್ಟೆ ಅದಕ್ಕೆ,
ನೆಲಮಾಳಿಗೆಯ ಬಾಡಿಗೆಯವಳಂತೆ.

ತನ್ನ ಹೆಸರು ಕಂಡ ಬೂದೆಮ್ಮ
ಟೀವಿಯ ಹಿಂದಕ್ಕೆ ಹೋಗಿ ಬಗ್ಗಿ ನೋಡಿದಳು,
ಬರೆಯುತ್ತಿರುವವರು ಯಾರೆಂದು.
ಶರೀಫಾ ಮಾತ್ರ ವರ್ಷವೆಲ್ಲ ಶರೀಪಾ.
ಅವಳು ನಕ್ಕಳು. ನಾನೂ ನಕ್ಕೆ. ನಗಬಾರದಿತ್ತು.

ಚಾಂದಪಾಷಾ ಟೇಪು ಒರೆಸುತ್ತಲೇ ಇದ್ದ.
ನನ್ನ ಬೆರಳು ಗುಂಡಿಗಳ ಮೇಲೆ ತಾನೇ ಹೊರಟಿತು:
ಅರವತ್ತಾರು, ಅರವತ್ತಾರು, ಅರವತ್ತು...
ಅದು ರ ದ ಹೊಟ್ಟೆ.
ಕಪ್ಪುಬಿಳುಪು ಪರದೆಯ ಮೂಲೆಯಲ್ಲಿ ರ,
ಆಗ ತಾನೇ ಕೂರಲು ಕಲಿತ ಕೂಸು, ಸ್ವಲ್ಪ ಎಡಕ್ಕೆ ವಾಲಿ.
'ಯಾ ಅಲ್ಲಾ' ಅಂದ. ಆಮೇಲೆ, ಮೆಲ್ಲಗೆ:
'ನನ್ನ ಹೆಸರು ಬರ್ತದೇನ್ರಿ?'

ಚ ಇತ್ತು. ದ ಇತ್ತು. ಪ ಕ್ಕೆ ತುಸು ತಡಕಾಡಿದೆ.
ಷ ಮಾತ್ರ ಬೆರಳಿಗೂ ಗೊತ್ತಿಲ್ಲ;
ಅಂದು ನಾನು ಎಬ್ಬಿಸಿ ಕಳಿಸಿದವರಲ್ಲಿ ಅದೂ ಒಂದು.
ಬಿಲ್ಲಿನ ಬೆನ್ನ ಮೇಲೆ ಅವನೇ ಗೀಟು ಹಾಕಿದ,
ಎಂಟು ಮನೆಗೆ ಒಂಬತ್ತು ಗೋಡೆ, ಅಡ್ಡ, ಉದ್ದ.
ಷ ಎಂದರೆ ಹೊಟ್ಟೆಗೆ ಗೀರು ಬಿದ್ದ ಪ.
ಚೌಕ ಮನೆಗಳಲ್ಲಿ ಆ ಗೀರನ್ನು ಓರೆ ನಿಲ್ಲಿಸುವುದು ಹೇಗೆ?
ಪೆನ್ಸಿಲು ಕಡಿಯುತ್ತ ಕೂತೆ.

'ಕರೆಂಟ್ ಹೋದ್ರ?' ಕೇಳಿದ.
ಎಲ್ಲ ಅಳಿಸ್ತದ. ರ ಸೈತ.
ರಾಜ್ಯಕ್ಕೆಲ್ಲ ಕರೆಂಟು ಬೇಯಿಸಿ ಕಳಿಸುವ ಜಿಲ್ಲೆ ನಮ್ಮದು;
ಅವನು ಗಡಿಯಾರ ನೋಡಿದ.
'ನಾಕಕ್ಕ ತಗೀತಾರ. ಇನ್ನಾ ಇಪ್ಪತ್ ನಿಮಿಷ ಅದ.
ಲಗೂನ ಮನಿ ತುಂಬ್ರಿ, ಅಕ್ಕೋರ.'