ನಾಯಿಗೆ ಐದು ಕಾಲ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.
ನಾಯಿಗೆ ಐದು, ಎಂದ ಮುದುಕ ಷೆನ್ ಬೋಲಿನ್.
ವಸಂತ, ಬೇಸಿಗೆ, ಬೇಸಿಗೆಯ ಬಾಲದಂಥ ಇನ್ನೊಂದು ಬೇಸಿಗೆ,
ಆಮೇಲೆ ಇದು, ಎಲೆ ಉದುರುವುದು,
ಕೊನೆಗೆ ಹಳದಿ ನದಿಯ ಅಂಚು ಗಾಜಾಗುವುದು.
ಒಂದೊಂದಕ್ಕೂ ಒಂದು ಅಂಗ, ಒಂದು ರುಚಿ, ಒಂದು ದುಗುಡ.
ನಾಲ್ಕೇ ಕಾಲಿನ ಪ್ರಾಣಿ ಇಷ್ಟೆಲ್ಲ ಹೊರಬೇಕೆ?
ಕೇಳಲಿಲ್ಲ ನಾನು. ನಾಯಿ ಕೆಮ್ಮುತ್ತಿತ್ತು.

ಇದು ನನ್ನ ನಾಯಿಯಲ್ಲ,
ಅತ್ತೆ ಸಾಕಿದ್ದು. ಹೆಸರು ಹ್ವಾಜ್ಯಾವ್,
ನಾಲಿಗೆ ಜುಮ್ಮೆನಿಸುವ ಕಾಳಿನ ಹೆಸರು.
ಬಿಳಿ ಇಬ್ಬನಿಯ ಪಕ್ಷದಲ್ಲಿ ಅತ್ತೆ ಹೋದರು.
ಜೇಡ್ ಬಳೆ ನಾದಿನಿಗೆ, ಹತ್ತಿಯ ರಜಾಯಿ ಓರಗಿತ್ತಿಗೆ.
ಉಳಿದದ್ದು ಒಂದು ರೇಡಿಯೊ, ಒಂದು ಬಕೆಟ್ಟು, ಇದು.

ಲಾನ್‌ಝೌ ಊರಲ್ಲಿ ನಾನು ನೂಡಲ್ಸ್ ಎಳೆಯುವವಳು.
ಬೆಳಗಿನ ಜಾವಕ್ಕೆ ಹಿಟ್ಟು ನಾದಬೇಕು.
ಎಂಟು ಸಲ ಮಡಿಸಿ ಎಳೆದರೆ ಇನ್ನೂರೈವತ್ತಾರು ಎಳೆ,
ಒಂದೂ ತುಂಡಾಗಕೂಡದು.
ಅದೇ ಕೈಯನ್ನು ನಾಯಿಯ ಬೆನ್ನಿಗಿಟ್ಟಾಗ
ಮುದುಕ ನನ್ನ ಮಣಿಕಟ್ಟು ಹಿಡಿದು ತಡೆದ:
ಹಿಟ್ಟಲ್ಲಮ್ಮ ಇದು. ಇದಕ್ಕೆ ನೆನಪಿದೆ.

ನಲವತ್ತು ವರ್ಷ ಗಣಿಯ ಹೇಸರಗತ್ತೆಗಳ ವೈದ್ಯ.
ಈಗ ಹೇಸರಗತ್ತೆಗಳಿಲ್ಲ, ಗಣಿಗೂ ಬೀಗ.
ಹದಿನಾಲ್ಕನೇ ಕಟ್ಟಡದ ಕೆಳಗೆ, ಸೈಕಲ್ ಶೆಡ್ಡಿನ ಮಗ್ಗುಲಲ್ಲಿ
ಪ್ಲಾಸ್ಟಿಕ್ ಸ್ಟೂಲು, ಫ್ಲಾಸ್ಕು, ಸರದಿ ಕಾಯುವ ನಾಯಿ ಬೆಕ್ಕು,
ಒಮ್ಮೊಮ್ಮೆ ಯಾರದೋ ಕೋಟಿನೊಳಗೆ ಒಂದು ಮೊಲ.
ದುಡ್ಡು ಮುಟ್ಟುವುದಿಲ್ಲ.
ಸೂರ್ಯಕಾಂತಿ ಬೀಜ ಕೊಟ್ಟರೆ ಬೇಡವೆನ್ನುವುದಿಲ್ಲ.

ಕಂಡುಕೋ, ಅಂದ. ಹೆಗಲ ಮೂಳೆಯ ಹಿಂದೆ,
ಬೆನ್ನುಮೂಳೆಯ ಎರಡೂ ಪಕ್ಕ, ಒಂದು ತಗ್ಗು,
ಒದ್ದೆ ಮರಳಲ್ಲಿ ಕಾಳೊತ್ತಿ ತೆಗೆದಷ್ಟು.
ಅದು ಶ್ವಾಸಕೋಶದ ಕದ.
ತಟ್ಟಬೇಡ. ಒರಗು.
ಮೂವತ್ತರ ತನಕ ಎಣಿಸು, ಬಿಡು.
ಎಲೆ ಉದುರುವ ಕಾಲದಲ್ಲಿ ದುಃಖ ಅಲ್ಲೇ ಬಂದು ಕೂರುವುದು,
ಬಾಯಿದ್ದವರಿಗೂ, ಬಾಯಿಲ್ಲದ್ದಕ್ಕೂ.

ಹನ್ನೊಂದು ವರ್ಷ ಒಂದೇ ಸೂರು.
ಅತ್ತೆಯನ್ನು ನಾನು ಮುಟ್ಟಿದ್ದು ಮೂರು ಸಲ.
ಮದುವೆಯ ದಿನ ಚಹಾ ಬಟ್ಟಲು ಕೊಡುವಾಗ ಬೆರಳು ತಗುಲಿತು.
ಮಂಜಿನ ಮೆಟ್ಟಿಲಲ್ಲಿ ಜಾರಿದಾಗ ತೋಳು ಹಿಡಿದೆ, ಕೊಡವಿಕೊಂಡರು.
ಮೂರನೆಯದು ಕೊನೆಗೆ ಮೈ ಒರೆಸಿದ್ದು,
ಅದನ್ನು ಲೆಕ್ಕಕ್ಕೆ ಹಿಡಿಯಬಹುದೋ ಇಲ್ಲವೋ.

ಹನ್ನೆರಡು, ಹದಿಮೂರು.
ರೋಮದ ಕೆಳಗೆ ಬಿಸಿ.
ಹುಬ್ಬುಗಳ ನಡುವೆ ಕೂದಲು ಸವೆದು ಬೋಳಾದ ಒಂದು ಚುಕ್ಕೆ.
ಇಲ್ಲಿ ಯಾರೋ ಮೊದಲೇ ಒತ್ತಿದ್ದಾರೆ.

ಮತ್ತೆ? ಎಂದ ಮುದುಕ, ಸಿಪ್ಪೆ ಉಗಿದು.
ಋತು ತಿರುಗಿದಾಗಲೆಲ್ಲ ಬರುತ್ತಿದ್ದರು ನಿನ್ನತ್ತೆ.
ಹೋದ ಚಳಿಗಾಲ ನಾಯಿ ತರದೆ ಬಂದು ಕೇಳಿದರು:
ಹಿಟ್ಟು ನಾದಿ ನಾದಿ ಮಣಿಕಟ್ಟು ಊದಿದರೆ ಎಲ್ಲಿ ಒತ್ತಬೇಕು?
ತೋರಿಸಿದೆ. ಎರಡು ಸಲ ತೋರಿಸಿದೆ.

ನನಗವರು ಏನೂ ಹೇಳಿರಲಿಲ್ಲ.
ಊದಿದ್ದನ್ನು ನಾನೂ ತೋರಿಸಿರಲಿಲ್ಲ.

ನೂರು ದಾರಿ ಕೂಡುವ ಜಾಗವೊಂದಿದೆಯಂತೆ.
ಮನುಷ್ಯರಿಗೆ ಅದು ನೆತ್ತಿ.
ನಾಯಿಗೆ ಸೊಂಟದ ಮೇಲೆ, ಬಾಲಕ್ಕೆ ಮುಂಚೆ.
ನಮ್ಮದೆಲ್ಲ ತಲೆಗೆ ಹೋಗಿ ಗಂಟು ಬೀಳುತ್ತದೆ,
ಅದರದು ಅಲ್ಲಾಡಿ ಹೋಗುತ್ತದೆ.
ಅಲ್ಲಿಗೆ ಅಂಗೈ ಇಟ್ಟೆ. ಹ್ವಾಜ್ಯಾವ್ ಆಕಳಿಸಿತು,
ಕರಿ ಒಸಡು ಕಾಣುವಷ್ಟು.

ಕೆಮ್ಮು ನಿಂತಿಲ್ಲ.
ಕಡಿಮೆ ಎನ್ನುತ್ತಾನೆ ಗಂಡ;
ಅವನು ನಿದ್ದೆ ಹೋದ ಮೇಲೆ ಅದು ಕೆಮ್ಮುವುದು.
ಹಿಮ ಇಳಿಯುವ ಪಕ್ಷಕ್ಕೆ ಇನ್ನು ಹನ್ನೆರಡು ದಿನ.
ನಿನ್ನೆ ರಾತ್ರಿ ಅಡುಗೆಮನೆಯ ನೆಲದಲ್ಲಿ ಕೂತಿದ್ದೆ.
ಬಂದು ಗದ್ದವನ್ನು ನನ್ನ ಮಣಿಕಟ್ಟಿನ ಮೇಲಿಟ್ಟಿತು.
ಭಾರ.
ಮೂವತ್ತರ ತನಕ ಎಣಿಸಿದೆ.
ಬಿಡಲಿಲ್ಲ.