ಸಮುದ್ರ ಎಷ್ಟು ದೂರ

ಆಡುಗೋಡಿಯ ಕಾರ್ಖಾನೆಗೆ ಐವತ್ತೈದರಲ್ಲಿ ಬಂದಿಳಿದ
ವೆಂಡೆಲಿನ್ ದೊರೆ ಮೊದಲು ಕೇಳಿದ್ದು ನೀರಲ್ಲ, ನೆರಳಲ್ಲ:
‘ಇಲ್ಲಿಂದ ಸಮುದ್ರ ಎಷ್ಟು ದೂರ?’
‘ಮುನ್ನೂರು ಕಿಲೋಮೀಟರ್ ಇರಬೌದು ಸಾರ್, ಯಾವ ಕಡೆ ಹೋದರೂ.’
‘ಸಾಕು’ ಅಂದು ಪೆಟ್ಟಿಗೆ ಬಿಚ್ಚಿದ.

ಲೇತಿನ ಮುಂದೆ ಅವನ ಕೈ ಕೂದಲೆಳೆಯಷ್ಟೂ ತಪ್ಪದು.
ಸೈರನ್ ಕೂಗಿದರೆ ಮಾತ್ರ ಮೈಕ್ರೋಮೀಟರು ಜಾರುತ್ತಿತ್ತು.
ನಾನು ಅಪ್ರೆಂಟಿಸು. ಎತ್ತಿಕೊಡುತ್ತಿದ್ದೆ, ಕೇಳುತ್ತಿರಲಿಲ್ಲ.

ಡಿಸೆಂಬರಿನ ಒಂದು ಬೆಳಗ್ಗೆ ಮಡಿವಾಳ ಕೆರೆಯ ಮೇಲೆ
ಮಂಜು ಕೂತಿತ್ತು. ಸೈಕಲ್ಲು ನಿಲ್ಲಿಸಿ ತಾನಾಗಿ ಹೇಳಿದ,
ಹರಕು ಇಂಗ್ಲಿಷಿನಲ್ಲಿ. ನನ್ನದೂ ಹರಕೇ.

ಚಳಿಗಾಲವೆಲ್ಲ ಮರಳಲ್ಲಿ ಗೂಟ ನೆಟ್ಟೆವು.
ಅಲೆ ಕಿತ್ತುಹಾಕೋದು, ಮತ್ತೆ ನೆಡೋದು.
ಮುದುಕ ಸಾರ್ಜೆಂಟಿಗೆ ಹಲ್ಲುನೋವು, ಲವಂಗ ಸಿಗಲಿಲ್ಲ.
ಆಮೇಲೊಂದು ದಿನ ಹೀಗೇ ಮಂಜು,
ಮಂಜಿನೊಳಗಿಂದ ಹುಡುಗರು.
ಎದೆಮಟ್ಟ ನೀರು. ಬಂದೂಕು ತಲೆಮೇಲೆತ್ತಿ ಹಿಡಿದು
ನಡೆದೇ ನಡೆದರು. ಅವರೆಲ್ಲ ಒದ್ದೆ.
ನಾನು ಒಣಗಿದ್ದೆ, ಕಾಂಕ್ರೀಟಿನೊಳಗೆ. ಬೆಚ್ಚಗೂ ಇದ್ದೆ.
ಎಷ್ಟು ಜನ ಅಂತ ಕೇಳಬೇಡ.

ಕೇಳಲಿಲ್ಲ. ಕೆರೆಯಲ್ಲಿ ಯಾರೋ
ಸೊಂಟಮಟ್ಟ ಇಳಿದು ಎಮ್ಮೆ ತೊಳೆಯುತ್ತಿದ್ದ.
ಅವನು ದಡ ಹತ್ತಿ, ಪಂಚೆ ಹಿಂಡಿ, ಬೀಡಿ ಹಚ್ಚುವ ತನಕ
ವೆಂಡೆಲಿನ್ ಪೆಡಲು ತುಳಿಯಲಿಲ್ಲ.

ಅವತ್ತು ನನಗೆ ಅರ್ಧ ದಿನದ ಸಂಬಳ ಕಟ್.